ಮೂರನೆಯ ಎಸೆತ

ಗಾಂಧಿ ಬಜಾರಿನ ತಿರುವಿಗೆ ಬರುವ ಮೊದಲೇ ಅವರೆಕಾಯಿಯ ಸೊಗಡು ಮೂಗಿಗೆ ಬಡಿದು ತ್ರಿಪುರಸುಂದರಿ ನಿಂತಲ್ಲೇ ನಿಂತಳು. ಹುಟ್ಟಿದಾಗಿನಿಂದ ಪ್ರತಿ ಮಾಗಿಯಲ್ಲೂ ಬೆರಳಿಗೆ ಅಂಟಿಸಿಕೊಂಡು ಮತ್ತೆ ಮತ್ತೆ ಮೂಸಿದ ವಾಸನೆ. ಈಗ ಅದೇ ಗಂಟಲಿನವರೆಗೆ ಏರಿ ಬರುತ್ತಿತ್ತು. ಬಲಗೈಯಲ್ಲಿದ್ದ ಖಾಕಿ ಚೀಲವನ್ನು ಎಡಗೈಗೆ ಬದಲಾಯಿಸಿ, ಸೆರಗನ್ನು ಮೂಗಿಗೆ ಒತ್ತಿಕೊಂಡು, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದಳು. ನೋಡಿದವರಿದ್ದರು. ಕಾಯಿ ರಾಶಿಯ ಹಿಂದೆ ಕೂತಿದ್ದ ಹೆಂಗಸು, "ಏನ್ ತಾಯಿ, ಅಷ್ಟೊಂದು ಭಾರ? ಚೀಲದಾಗೆ ಕುಂಬಳಕಾಯಾ?" ಎಂದು ನಕ್ಕಳು. ತ್ರಿಪುರಸುಂದರಿಯೂ ನಕ್ಕಳು. ಕಬ್ಬಿಣದ ಗುಂಡು ಎಂದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ಅದಕ್ಕೆ ಉತ್ತರ ಕೊಟ್ಟರೆ ಅದರ ಮುಂದಿನದೂ ಗೊತ್ತಿತ್ತು: ಎಷ್ಟು ಮಕ್ಕಳು?

ಎರಡು ತಿಂಗಳು ತುಂಬಿತ್ತು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಮೊದಲನೆಯ ಸಲ ಗೊತ್ತಾದ ದಿನವೇ ಹೇಳಿದ್ದಳು; ಪೇಟೆಯ ನೆಂಟರೆಲ್ಲ ಬಂದು ಮಡಿಲು ತುಂಬಿ ಹೋಗಿದ್ದರು. ಹದಿನೈದು ದಿನಕ್ಕೆ ಬಚ್ಚಲುಮನೆಯ ಕಲ್ಲಿನ ಮೇಲೆ ಎಲ್ಲ ಮುಗಿದಿತ್ತು. ಎರಡನೆಯ ಸಲ ಮದರಾಸಿನ ಕ್ರೀಡಾಕೂಟದಿಂದ ಬಂದ ಮೇಲೆ. ಎರಡು ಸಲವೂ ಅತ್ತೆ ಗುರುಬಸಮ್ಮ ಅವಳನ್ನು ಬೈಯಲಿಲ್ಲ. ಕಷಾಯ ಕುಡಿಸಿದಳು, ತಲೆಗೆ ಎಣ್ಣೆ ಒತ್ತಿದಳು, ಒತ್ತುತ್ತಲೇ ಬಾಗಿಲ ಹಿಂದೆ ಗೂಟಕ್ಕೆ ತೂಗುಹಾಕಿದ್ದ ಈ ಖಾಕಿ ಚೀಲವನ್ನು ನೋಡಿದಳು. ಆ ನೋಟವನ್ನು ಬೈಗುಳದಂತೆ ಎದುರಿಸಲು ಬರುತ್ತಿರಲಿಲ್ಲ. ಲೇಡಿ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ, "ಗುಂಡು ಎಸೆದದ್ದರಿಂದಲೇ ಆಯ್ತು ಅಂತ ನಾನು ಹೇಳೋಕಾಗಲ್ಲ. ಅದರಿಂದ ಅಲ್ಲ ಅಂತಲೂ ಹೇಳೋಕಾಗಲ್ಲ" ಎಂದಿದ್ದರು. ಆ ಎರಡು ವಾಕ್ಯಗಳ ಮಧ್ಯೆಯೇ ತ್ರಿಪುರಸುಂದರಿ ಎರಡು ವರ್ಷ ಬದುಕಿದ್ದಳು. ಅಭ್ಯಾಸ ಬಿಟ್ಟಿರಲಿಲ್ಲ, ಆದರೆ ಪ್ರತಿ ಬೆಳಿಗ್ಗೆ ಗುಂಡು ಎತ್ತುವಾಗ ಯಾರದೋ ಮನೆಯಿಂದ ಏನನ್ನೋ ಕದಿಯುತ್ತಿದ್ದೇನೆ ಎನ್ನಿಸುತ್ತಿತ್ತು.

ಈ ಬೆಳಿಗ್ಗೆ ಚಾಮರಾಜಪೇಟೆಯ ಮನೆಯಿಂದ ಹೊರಡುವಾಗ ಗುರುಬಸಮ್ಮ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. "ಇವತ್ತೂ ಹೋಗ್ಲೇಬೇಕಾ?" ಎಂದಳು. "ಇದೊಂದು ಸಲ, ಅತ್ತೆ." ಪ್ರತಿ ವರ್ಷವೂ ಇದೇ ಪ್ರಶ್ನೆ, ಇದೇ ಉತ್ತರ. ಈ ವರ್ಷ ಮಾತ್ರ ಉತ್ತರ ನಿಜವಾಗಿತ್ತು, ಅದಕ್ಕೇ ಸುಳ್ಳಿನ ಹಾಗೆ ಕೇಳಿಸಿತು. ಗಂಡ ಶಂಭುಲಿಂಗಪ್ಪ ಆಗಲೇ ಚಿಕ್ಕಪೇಟೆಯ ಜವಳಿ ಅಂಗಡಿಗೆ ಹೋಗಿಯಾಗಿತ್ತು. ಹೋಗುವಾಗ, "ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಬಂದ್ಬಿಡ್ತೀನಿ. ಕೊನೇ ಎಸೆತ ನಾನು ನೋಡ್ಬೇಕು" ಎಂದಿದ್ದ. ಅವಳ ಪತ್ರಿಕೆಯ ಫೋಟೋಗಳನ್ನು ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿಕೊಂಡವನು; ಬಂದ ಗಿರಾಕಿಗಳಿಗೆ ಸೀರೆ ತೋರಿಸುವ ಮೊದಲು ಅವನ್ನು ತೋರಿಸುವವನು. ಅವನಿಗೆ ಹೇಳಿದ್ದರೆ ಬೇಡ ಅನ್ನುತ್ತಿದ್ದ. ಅಥವಾ, ಅದು ಇನ್ನೂ ಕಷ್ಟ, ನಿನ್ನಿಷ್ಟ ಅನ್ನುತ್ತಿದ್ದ.

ಕಾಲೇಜು ಮೈದಾನದಲ್ಲಿ ಸುಣ್ಣದ ಗೆರೆಗಳು ಆಗಲೇ ಬಿದ್ದಿದ್ದವು. ಕಡಲೆಕಾಯಿ ಪರಿಷೆ ಮುಗಿದು ಕೆಲವೇ ದಿನವಾಗಿತ್ತು. ಗಾಳಿಗೆ ಹಾರಿಬಂದ ಸಿಪ್ಪೆ ಬೇಲಿಯುದ್ದಕ್ಕೂ ಸಿಕ್ಕಿಕೊಂಡಿತ್ತು. ರಾಜ್ಯದ ತಂಡವನ್ನು ಆರಿಸುವ ದಿನ. ಗೆದ್ದವರು ಮಾರ್ಚಿನಲ್ಲಿ ಉತ್ತರದ ಕಡೆ ನಡೆಯುವ ಅಖಿಲ ಭಾರತ ಕೂಟಕ್ಕೆ ಹೋಗಬೇಕು. ಸಂಘದ ಕಾರ್ಯದರ್ಶಿ ಚಕ್ರಪಾಣಿ ಬಿಳಿ ಟೋಪಿ ಸರಿಮಾಡಿಕೊಳ್ಳುತ್ತ ದೂರದಿಂದಲೇ ಕೂಗಿದರು: "ಬಂದ್ರಪ್ಪ ನಮ್ಮ ಭೀಮಮ್ಮ! ಈ ಸಲ ರಗ್ಗು ಎರಡು ಇಟ್ಕೊಳ್ಳಿ ಕಣ್ರಮ್ಮ, ಆ ಕಡೆ ಮಾರ್ಚಲ್ಲೂ ಚಳಿಯಂತೆ." ಸುತ್ತಲಿದ್ದ ಗಂಡಸರು ನಕ್ಕರು. ಮಾರ್ಚಿನಲ್ಲಿ ತನ್ನ ಹೊಟ್ಟೆ ಎಷ್ಟಿರುತ್ತದೆ ಎಂದು ಲೆಕ್ಕ ಹಾಕುತ್ತಲೇ ಅವಳು, "ಆಗ್ಲಿ ಸಾರ್, ಇಟ್ಕೋತೀನಿ" ಎಂದಳು. ಹೇಳಿದ ಮೇಲೆ ಬಾಯೊಳಗೆ ಲೋಹದ ರುಚಿ ಉಳಿಯಿತು.

ಭೀಮಮ್ಮ ಎಂಬ ಹೆಸರು ಇಂದಿನದಲ್ಲ. ಅಪ್ಪನ ಬೆಲ್ಲದ ಮಂಡಿಯಲ್ಲಿ ಹಮಾಲರು ಊಟಕ್ಕೆ ಹೋದಾಗ ತಕ್ಕಡಿಯ ಕಬ್ಬಿಣದ ತೂಕದ ಬಟ್ಟುಗಳನ್ನು ಎತ್ತಿ ಎತ್ತಿ ಇಡುತ್ತಿದ್ದ ಹುಡುಗಿಗೆ ಅಣ್ಣಂದಿರು ಇಟ್ಟದ್ದು. ಯುದ್ಧದ ಕಾಲದಲ್ಲಿ, ಅಕ್ಕಿಗೆ ಸಾಲು ನಿಲ್ಲುತ್ತಿದ್ದ ದಿನಗಳಲ್ಲಿ, ಹೈಸ್ಕೂಲಿನ ಡ್ರಿಲ್ ಮೇಡಂ ಅಂಬುಜಮ್ಮ ಆ ತೋಳುಗಳನ್ನು ನೋಡಿ ಕೈಗೆ ಗುಂಡು ಕೊಟ್ಟರು. ಮೊದಲ ಸಲ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಎಸೆದದ್ದು. ಬೇಲಿಯಾಚೆ ನಿಂತ ಗಂಡಸರ ಸೀಟಿ ಕೇಳಿ ಗುಂಡು ಕಾಲಬಳಿಯೇ ಬಿದ್ದಿತ್ತು. ಅಂಬುಜಮ್ಮ ಹತ್ತಿರ ಬಂದು, "ಕಿವಿ ಇಲ್ಲ ಅಂದ್ಕೋ" ಎಂದಿದ್ದರು. ಗುಂಡನ್ನು ಕುತ್ತಿಗೆಯ ಕುಳಿಗೆ ಒತ್ತಿಟ್ಟುಕೊಂಡಾಗ ನಿಜಕ್ಕೂ ಕಿವಿ ಇಲ್ಲದಂತಾಗುತ್ತಿತ್ತು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಶಿವದಾರದ ಸಮೇತ ಎಡಕ್ಕೆ ಸರಿಸಿ, ಬಲಕ್ಕೆ ಗುಂಡು. ಲಿಂಗದ ಪಕ್ಕಕ್ಕೆ ಕಬ್ಬಿಣವೇ ಎಂದು ದೊಡ್ಡಪ್ಪ ಒಮ್ಮೆ ರೇಗಿದ್ದ. ಆ ತಣ್ಣನೆಯ ಭಾರ ದವಡೆಗೆ ತಾಗಿದ ಒಂದು ಕ್ಷಣದಲ್ಲಿ ಅವಳು ಯಾರ ಮಗಳೂ ಆಗಿರಲಿಲ್ಲ, ಆಮೇಲೆ ಯಾರ ಸೊಸೆಯೂ ಆಗಿರಲಿಲ್ಲ. ನಲವತ್ತೇಳರಿಂದ ಈಚೆಗೆ ರಾಜ್ಯದಲ್ಲಿ ಅವಳನ್ನು ಯಾರೂ ಸೋಲಿಸಿರಲಿಲ್ಲ. ಜನ ಅದನ್ನು ಶಕ್ತಿ ಎನ್ನುತ್ತಿದ್ದರು. ಅವಳಿಗೆ ಅದು ಆ ಕ್ಷಣಕ್ಕಾಗಿ ಇದ್ದ ಹಸಿವು, ಅಷ್ಟೆ.

ಗುಂಡು ಎಸೆಯುವ ವೃತ್ತದ ಆಚೆ ಕೋಕಿಲಾ ಕೈ ಬೀಸಿ ಮೈ ಕಾಯಿಸಿಕೊಳ್ಳುತ್ತಿದ್ದಳು. ಮಾವಳ್ಳಿಯ ಹುಡುಗಿ, ಲಾಲ್‌ಬಾಗಿನ ಬಾಗಿಲಲ್ಲಿ ಹೂ ಮಾರುವ ಮುನಿಯಮ್ಮನ ಮಗಳು. ಎರಡು ವರ್ಷದ ಹಿಂದೆ ಇದೇ ಮೈದಾನಕ್ಕೆ ಬರಿಗಾಲಲ್ಲಿ ಬಂದಾಗ ಗುಂಡನ್ನು ಅಂಗೈಯಲ್ಲಲ್ಲ, ಬೆರಳ ಬುಡದಲ್ಲಿ ಹಿಡಿಯಬೇಕು ಎಂದು ತೋರಿಸಿಕೊಟ್ಟವಳು ತ್ರಿಪುರಸುಂದರಿಯೇ. ಎಲ್ಲ ತೋರಿಸಿದ್ದಳು, ಒಂದನ್ನು ಬಿಟ್ಟು. ತೋಳಿಗಿಂತ ಮೊದಲು ಸೊಂಟ ತಿರುಗಬೇಕು ಎಂಬುದನ್ನು ಹೇಳಿರಲಿಲ್ಲ. ಮರೆತದ್ದಲ್ಲ. ಹುಡುಗಿ ಮುಂದಿನ ವರ್ಷ ಅದನ್ನು ತಾನೇ ಕಂಡುಕೊಂಡು ಬಂದಾಗ ತ್ರಿಪುರಸುಂದರಿಗೆ ಅವಳ ಮುಖ ನೋಡಲಾಗಿರಲಿಲ್ಲ. ಈಗ ಕೋಕಿಲಾ, "ನಮಸ್ಕಾರ ಅಕ್ಕ" ಎಂದಳು, ಕಣ್ಣು ತಗ್ಗಿಸದೆ.

ಒಬ್ಬೊಬ್ಬರಿಗೆ ಮೂರು ಎಸೆತ. ಕೋಕಿಲಾಳ ಮೊದಲನೆಯದೇ ಕಳೆದ ವರ್ಷದ ತ್ರಿಪುರಸುಂದರಿಯ ಗುರುತಿನ ಹತ್ತಿರ ಬಿದ್ದು, ಅಲ್ಲೊಂದು ಕೆಂಪು ಬಾವುಟ ನೆಟ್ಟರು. ಜನ ಚಪ್ಪಾಳೆ ತಟ್ಟಿದರು. ತ್ರಿಪುರಸುಂದರಿ ಸೀರೆ ಬದಲಿಸಿ ಹಾಕಿಕೊಂಡಿದ್ದ ಲಂಗವನ್ನು ಕಳಚಿ ಅಂಬುಜಮ್ಮನ ಕೈಗೆ ಕೊಟ್ಟು, ಮೊಣಕಾಲಿನವರೆಗಿನ ನೀಲಿ ಚಡ್ಡಿಯಲ್ಲಿ ವೃತ್ತಕ್ಕೆ ಇಳಿದಳು. ಗುಂಡು ಕುತ್ತಿಗೆಗೆ ಬಂತು. ಆದರೆ ಕಿವಿ ಮುಚ್ಚಲಿಲ್ಲ. ಎಲ್ಲ ಕೇಳಿಸುತ್ತಿತ್ತು: ಬೇಲಿಯಾಚೆಯ ಸೈಕಲ್ ಗಂಟೆ, ಯಾರದೋ ಕೆಮ್ಮು, ತನ್ನದೇ ರಕ್ತ. ಹಿಂದಿನಿಂದ ಮುಂದಕ್ಕೆ ಜಿಗಿಯುವಾಗ ಮೈ ಅವಳನ್ನು ಕೇಳದೆ ಸೊಂಟವನ್ನು ಬಿಗಿ ಹಿಡಿಯಿತು, ತುಂಬಿದ ಕೊಡ ಹೊತ್ತವಳು ಎಡವಿದಾಗ ಹಿಡಿದುಕೊಳ್ಳುವಂತೆ. ಕಾಲು ವೃತ್ತದ ಮುಂದಿನ ಹಲಗೆ ದಾಟಿ ಮಣ್ಣಿಗೆ ಬಿತ್ತು. ಫೌಲ್. ಎರಡನೆಯದು ನೆಟ್ಟಗೆ ಹೋಯಿತು, ಆದರೆ ಹೈಸ್ಕೂಲಿನ ಹುಡುಗಿಯರ ಗುರುತುಗಳ ಮಧ್ಯೆ ಬಿತ್ತು. ಟೇಪು ಹಿಡಿದಿದ್ದ ಅಂಬುಜಮ್ಮ ಅಳತೆಯನ್ನು ಮೆಲ್ಲನೆ ಹೇಳಿದರು. ಚಕ್ರಪಾಣಿ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿಸಿದರು. ಹಿಂದೆ ಯಾರೋ, "ಆಯ್ತು ಬಿಡು ಇವರದ್ದು. ವಯಸ್ಸಾಯ್ತಲ್ಲ" ಎಂದದ್ದು, ಅದಕ್ಕೆ ಇನ್ನೊಬ್ಬರು "ಶ್" ಎಂದದ್ದು, ಎರಡೂ ಕೇಳಿಸಿದವು. ಆ "ಶ್" ಹೆಚ್ಚು ಚುಚ್ಚಿತು.

ಮೈದಾನದ ಮೂಲೆಯ ಹೊಂಗೆಮರದ ಹಿಂದೆ ಹೋಗಿ ಅವಳು ಬೆಳಗಿನ ಕಾಫಿಯನ್ನೆಲ್ಲ ಕಾರಿಕೊಂಡಳು. ತಲೆ ಎತ್ತಿದಾಗ ಅಂಬುಜಮ್ಮ ನೀರಿನ ಲೋಟ ಹಿಡಿದು ನಿಂತಿದ್ದರು. ಮದುವೆಯಾಗದ ಹೆಂಗಸು, ಆದರೂ ಒಂದೇ ನೋಟಕ್ಕೆ ಗೊತ್ತಾಯಿತು.

"ಎಷ್ಟು ತಿಂಗಳು?"

"ಎರಡು ತುಂಬ್ತು."

"ಶಂಭುಲಿಂಗಪ್ಪನವರಿಗೆ ಹೇಳಿದೀಯಾ?"

ತ್ರಿಪುರಸುಂದರಿ ಬಾಯಿ ಮುಕ್ಕಳಿಸಿ ಉಗುಳಿದಳು. ಅಂಬುಜಮ್ಮ ಆಚೆ ಈಚೆ ನೋಡಿ ತಗ್ಗಿದ ದನಿಯಲ್ಲಿ, "ಹುಚ್ಚು ಹಿಡಿದಿದೆ ನಿಂಗೆ. ಕಾಲು ಉಳುಕಿದೆ ಅಂತ ನಾನೇ ಚಕ್ರಪಾಣಿಗೆ ಹೇಳ್ತೀನಿ. ಮನೆಗೆ ಹೋಗು" ಎಂದರು.

"ಬೇಡಿ ಮೇಡಂ. ಇನ್ನೊಂದು ಇದೆ."

"ಗೆದ್ದು ಏನು ಮಾಡ್ತೀಯೇ? ಮಾರ್ಚಿಗೆ ಹೋಗೋ ಹಾಗಿಲ್ಲವಲ್ಲ ನೀನು. ಗೆದ್ರೂ ಆ ಹುಡುಗೀನೇ ಹೋಗೋದು."

ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಎಷ್ಟೋ ದಿನದಿಂದ ಇದರ ಪಕ್ಕದಲ್ಲೇ ಹಾದು ಹೋಗುತ್ತಿದ್ದಳು, ಬೀದಿಯಲ್ಲಿ ಬೇಡದವರನ್ನು ಕಂಡೂ ಕಾಣದಂತೆ ಹೋಗುವ ಹಾಗೆ. ಈಗ ಬೇರೆಯವರ ಬಾಯಲ್ಲಿ ಕೇಳಿದಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೋಗಲಾಗದ ಊರಿಗಾಗಿ, ಆ ಊರಿಗೆ ಹೋಗಬಲ್ಲವಳನ್ನು ಸೋಲಿಸಲು, ಹೊಟ್ಟೆಯಲ್ಲಿರುವುದನ್ನು ಪಣಕ್ಕಿಟ್ಟು ತಾನು ಬಂದಿದ್ದೇನೆ. ಇದಕ್ಕೆ ಏನೆನ್ನಬೇಕು? ಉತ್ತರ ಹುಡುಕುವಷ್ಟರಲ್ಲಿ ಓಟದ ಪಟ್ಟಿಯ ಕಡೆ ಗಲಾಟೆ ಕೇಳಿಸಿತು. "ಅಜ್ಜೀ, ಅಜ್ಜೀ, ಪಕ್ಕಕ್ಕೆ ಬನ್ನಿ!" ಎಂದು ಸ್ವಯಂಸೇವಕರು ಕೂಗುತ್ತಿದ್ದರು. ಓಡಲು ಬಾಗಿ ನಿಂತಿದ್ದ ಹುಡುಗರ ಎದುರಿಗೇ, ಸುಣ್ಣದ ಗೆರೆಗಳನ್ನು ಒಂದೊಂದಾಗಿ ದಾಟಿಕೊಂಡು, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗುರುಬಸಮ್ಮ ನಡೆದು ಬರುತ್ತಿದ್ದಳು. ಗೇಟಿನ ಹೊರಗೆ ಜಟಕಾ ನಿಂತಿತ್ತು.

ತ್ರಿಪುರಸುಂದರಿ ಬರಿಯ ಮೊಣಕಾಲುಗಳ ಮೇಲೆ ಕೈ ಇಟ್ಟುಕೊಂಡಳು. ಈ ಹತ್ತು ವರ್ಷಗಳಲ್ಲಿ ಒಮ್ಮೆಯೂ ಮೈದಾನದ ಕಡೆ ಸುಳಿಯದ ಹೆಂಗಸು. ಈಗ ಎಲ್ಲರೆದುರು ಕೈ ಹಿಡಿದು ಎಳೆಯುತ್ತಾಳೆ. ಚಕ್ರಪಾಣಿ ನೋಡುತ್ತಾರೆ, ಕೋಕಿಲಾ ನೋಡುತ್ತಾಳೆ, ನಾಳೆ ಚಾಮರಾಜಪೇಟೆಯೆಲ್ಲ ಇದೇ ಮಾತು. ಆಶ್ಚರ್ಯವೆಂದರೆ, ಎಳೆಯಲಿ ಎಂದು ಒಳಗೆಲ್ಲೋ ಒಂದು ಆಸೆ ಇತ್ತು. ಎಳೆದರೆ ಬಿಡಿಸಿಕೊಳ್ಳಬಹುದು. ಗುರುಬಸಮ್ಮ ಬಂದವಳು ಎಳೆಯಲಿಲ್ಲ. ಮರದ ಬೇರಿನ ಮೇಲೆ ಕೂತು ಏದುಸಿರು ಇಳಿಸಿಕೊಂಡಳು. ಅಂಬುಜಮ್ಮ ದೂರ ಸರಿದರು.

"ನಿನ್ನೆ ಒಗ್ಗರಣೆ ಹಾಕ್ದಾಗ ಹಿತ್ತಲಿಗೆ ಓಡಿದೆಯಲ್ಲ, ಆಗ್ಲೇ ಗೊತ್ತಾಯ್ತು ನಂಗೆ" ಎಂದಳು ಕೊನೆಗೆ.

"ಮತ್ತೆ ಬೆಳಿಗ್ಗೆ ಯಾಕೆ ತಡೀಲಿಲ್ಲ ಅತ್ತೆ?"

"ತಡೆದು, ನೀನು ಮನೇಲೇ ಕೂತು, ಆಮೇಲೂ ಮಗು ಹೋಗ್ಬಿಟ್ರೆ? ಆಗ ಯಾವುದನ್ನ ಬೈಲಿ ನಾನು?" ಗುರುಬಸಮ್ಮ ಸೆರಗಿನ ತುದಿಯಿಂದ ಸೊಸೆಯ ಗಲ್ಲದ ಮೇಲಿನ ನೀರು ಒರೆಸಿದಳು. ಒರೆಸಿದ ರೀತಿ ಒರಟಾಗಿತ್ತು. "ನಂಗೂ ಮೂರು ಹೋದ್ವು ಕಣೆ, ಶಂಭು ಹುಟ್ಟೋಕೆ ಮುಂಚೆ. ನಾನೇನು ಗುಂಡು ಎಸೀತಿದ್ನಾ? ಬಾವಿ ಸೇದಿದ್ದಕ್ಕೆ ಹೋಯ್ತು ಅಂದ್ರು ನಮ್ಮತ್ತೆ. ಸೇದು ಅಂತ ಹಗ್ಗ ಕೊಟ್ಟೋರೂ ಅವರೇ."

ಈ ಮಾತನ್ನು ಅವಳು ಹಿಂದೆ ಯಾವತ್ತೂ ಆಡಿರಲಿಲ್ಲ. ತ್ರಿಪುರಸುಂದರಿಗೆ ಸಿಟ್ಟು ಬಂತು, ಅಳುವೂ ಬಂತು. ಇಷ್ಟು ವರ್ಷ ಬಚ್ಚಿಟ್ಟುಕೊಂಡು ಆ ಚೀಲವನ್ನು ನೋಡುತ್ತಿದ್ದೆಯಲ್ಲ ಎಂದು ಕೂಗಬೇಕೆನ್ನಿಸಿತು. ಕೂಗದೆ, "ಈಗ ಎಸೀಬೇಡ ಅಂತೀರಾ?" ಎಂದು ಕೇಳಿದಳು.

"ನಂಗೊತ್ತಿಲ್ಲ. ಗೊತ್ತಿದ್ದಿದ್ರೆ ಹೇಳ್ತಿದ್ದೆ. ಮನೇಲಿ ಕೂರೋಕಾಗ್ಲಿಲ್ಲ, ಬಂದೆ."

ಮೂರನೆಯ ಸುತ್ತಿಗೆ ಹೆಸರು ಕೂಗಿದರು. ಕೋಕಿಲಾಳ ಮೂರನೆಯದು ಅವಳದೇ ಬಾವುಟ ದಾಟಿ ಒಂದು ಗೇಣು ಮುಂದೆ ಬಿದ್ದು, ಬಾವುಟ ಕಿತ್ತು ಅಲ್ಲಿಗೆ ನೆಟ್ಟರು. ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆ ನಗು ಕಂಡಾಗ ಸುಮ್ಮನೆ ಹೊರಟುಹೋಗುವುದು ಸುಲಭವಿತ್ತು. ಕಾಲು ಉಳುಕಿದೆ ಎನ್ನಬಹುದು. ಯಾರಿಗೂ ನಷ್ಟವಿಲ್ಲ, ಎಲ್ಲರಿಗೂ ಒಳ್ಳೆಯದು. ತ್ರಿಪುರಸುಂದರಿ ಎದ್ದಳು, ಹೇಳಿಬಿಡುತ್ತೇನೆ ಎಂದುಕೊಂಡೇ ನಡೆದಳು, ನಡೆಯುತ್ತ ವೃತ್ತದೊಳಗೆ ಬಂದಿದ್ದಳು. ಗುಂಡು ಕೈಯಲ್ಲಿತ್ತು. ಇಷ್ಟು ದಿನ ಒಂದು ನೋಟಕ್ಕೆ ಎದುರಾಗಿ ಎಸೆದಿದ್ದಳು. ಆ ನೋಟ ಮೂಲೆಯ ಮರದ ಕೆಳಗೆ ಕೂತು ಈಗ ನಂಗೊತ್ತಿಲ್ಲ ಎನ್ನುತ್ತಿತ್ತು. ಬೇಡ ಎನ್ನುವವರು ಯಾರೂ ಇರಲಿಲ್ಲ. ಏನಾದರೂ ಆದರೆ ಇದು ಪೂರ್ತಿ ತನ್ನದು, ಹಂಚಿಕೊಳ್ಳಲು ಇನ್ನೊಬ್ಬರಿಲ್ಲ. ಕರಡಿಗೆಯನ್ನು ಎಡಕ್ಕೆ ಸರಿಸುವಾಗ ಬೆರಳು ಅದರ ಮೇಲೆ ಒಂದಿಷ್ಟು ನಿಂತಿತು. ಬೇಡಿಕೊಳ್ಳಲು ಹೊರಟಳು, ಏನನ್ನು ಬೇಡಬೇಕೆಂದು ತಿಳಿಯಲಿಲ್ಲ. ಎರಡನ್ನೂ ಕೇಳುವುದು ದುರಾಸೆ. ಒಂದನ್ನು ಕೇಳುವುದು ಇನ್ನೊಂದನ್ನು ಬಿಟ್ಟುಕೊಟ್ಟಂತೆ. ಏನನ್ನೂ ಕೇಳದೆ ಗುಂಡನ್ನು ದವಡೆಯ ಕೆಳಗೆ ಒತ್ತಿದಳು. ತಣ್ಣಗಿತ್ತು. ಸೈಕಲ್ ಗಂಟೆ ನಿಂತಿತು, ಕೆಮ್ಮು ನಿಂತಿತು. ಬಲಗಾಲು ಮಡಿಚಿತು, ನೆಲ ಹಿಂದಕ್ಕೆ ಜಾರಿತು, ಸೊಂಟ ಮೊದಲು ತಿರುಗಿತು, ಆಮೇಲೆ ಹೆಗಲು, ಕೊನೆಗೆ ಬೆರಳು. ಕೈ ಖಾಲಿಯಾದಾಗಲೇ ಅವಳಿಗೆ ಗೊತ್ತಾಯಿತು, ನೋಡಬೇಕಿರಲಿಲ್ಲ.

ಗುಂಡು ಕೆಂಪು ಬಾವುಟದ ಆಚೆ ಬಿದ್ದು ಮಣ್ಣಿನಲ್ಲಿ ಹೂತಿತು. ಜನ ಎದ್ದು ನಿಂತರು. ಅವಳು ಮಾತ್ರ ವೃತ್ತದೊಳಗೇ ನಿಂತು, ಕಣ್ಣು ಮುಚ್ಚಿ, ಕಿಬ್ಬೊಟ್ಟೆಯಲ್ಲಿ ಏನಾದರೂ ಚಳಕು ಏಳುತ್ತದೆಯೇ ಎಂದು ಕಾಯುತ್ತಿದ್ದಳು. "ಹಿಂದಿನಿಂದ ಬಾ, ಹಿಂದಿನಿಂದ" ಎಂದು ಅಂಬುಜಮ್ಮ ಪಿಸುಗುಟ್ಟಿದರು. ಗಾಬರಿಯಲ್ಲಿ ಮುಂದಿನಿಂದ ಇಳಿದಿದ್ದರೆ ಇದೂ ಫೌಲ್ ಆಗುತ್ತಿತ್ತು. ಒಂದೊಂದೇ ಹೆಜ್ಜೆ ಇಟ್ಟು ಹಿಂದಿನಿಂದ ಹೊರಬಂದಳು. ಎಸೆತ ಸರಿಯಿದೆ ಎಂದು ಬಿಳಿ ಬಾವುಟ ಎದ್ದಿತು. ಅವಳದೇ ದಾಖಲೆಗಿಂತಲೂ ಹೆಚ್ಚು ಎಂದು ಚಕ್ರಪಾಣಿ ಕೂಗುತ್ತಿದ್ದಾಗಲೇ ಶಂಭುಲಿಂಗಪ್ಪ ಬೆವರುತ್ತ ಓಡಿ ಬಂದ. ಕೈಯಲ್ಲಿ ಸೇವಂತಿಗೆ ಹಾರ. "ಬಿತ್ತಾ? ನೋಡೋಕಾಗ್ಲಿಲ್ಲ ನಾನು! ಯಾವನೋ ಗಿರಾಕಿ ಬಿಡ್ಲೇ ಇಲ್ಲ" ಎಂದು ಹಾರವನ್ನು ಅವಳ ಕಡೆ ಚಾಚಿದ. ಅವಳು ಅದನ್ನು ತೆಗೆದುಕೊಳ್ಳದೆ ಚಕ್ರಪಾಣಿಯ ಕಡೆ ತಿರುಗಿದಳು.

"ಸಾರ್, ನಾನು ಹೋಗಲ್ಲ. ಕೋಕಿಲಾನ ಹೆಸರು ಹಾಕಿ."

"ಏನಮ್ಮ ತಮಾಷೆ? ಈಗ ತಾನೇ ರೆಕಾರ್ಡ್ ಮುರಿದು..."

"ಬಸುರಿ ಅವಳು" ಎಂದಳು ಹಿಂದೆ ಬಂದು ನಿಂತಿದ್ದ ಗುರುಬಸಮ್ಮ.

ಚಕ್ರಪಾಣಿ ತಮ್ಮದೇ ತಪ್ಪೆಂಬಂತೆ ಟೋಪಿ ತೆಗೆದರು. ಶಂಭುಲಿಂಗಪ್ಪನ ಮುಖ ಅರಳಿತು; ಅರಳಿದ್ದು ಅರ್ಧಕ್ಕೇ ನಿಂತಿತು. ಅವನ ಕಣ್ಣು ಅವಳ ಹೊಟ್ಟೆಗೆ ಹೋಯಿತು, ಅಲ್ಲಿಂದ ಗುಂಡು ಹೂತ ಗುಳಿಗೆ ಹೋಯಿತು, ಮತ್ತೆ ಅವಳ ಮುಖಕ್ಕೆ ಬಂತು. "ಎಸೆದಾದ್ಮೇಲೆ ಹೇಳ್ತಿದೀಯಾ?" ಎಂದ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. ಹಾರವನ್ನು ತಾಯಿಯ ಕೈಗೆ ಕೊಟ್ಟು ಜಟಕಾದ ಕಡೆ ನಡೆದ. ಅವನು ಜಗಳವಾಡಿದ್ದರೆ ಆಗುತ್ತಿತ್ತು. ಹತ್ತು ವರ್ಷ ಅವಳ ಚೀಲವನ್ನು ಹೊತ್ತುಕೊಂಡು ಬಜಾರಿನಲ್ಲಿ ಹೆಮ್ಮೆಯಿಂದ ನಡೆದವನ ಬೆನ್ನು ಅಷ್ಟು ಸಣ್ಣಗೆ ಕಂಡದ್ದು ಇದೇ ಮೊದಲು. ಅವಳು ಲಂಗ ಸುತ್ತಿಕೊಂಡು ಹಿಂದೆ ಹೋದಳು.

ಅತ್ತೆಯನ್ನು ಹತ್ತಿಸಿ ತಾನು ಜಟಕಾದ ಮೆಟ್ಟಿಲ ಮೇಲೆ ಕಾಲಿಟ್ಟಾಗ ಕೋಕಿಲಾ ಓಡಿ ಬಂದಳು. ಕೈಗೆಲ್ಲ ಮಣ್ಣು. ಏದುಸಿರು ಇನ್ನೂ ಇಳಿದಿರಲಿಲ್ಲ.

"ಅಕ್ಕ, ಹೋಗೋಕಾಗಲ್ಲ ಅಂತ ಮೊದಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಬಂದು ನನ್ನ ಸೋಲಿಸಿದ್ರಾ?"

ಹೇಳಬಹುದಾದ ಸುಳ್ಳುಗಳು ಎರಡು ಮೂರು ಇದ್ದವು, ಎಲ್ಲವೂ ಸಭ್ಯವಾಗಿದ್ದವು. "ಹೂಂ" ಎಂದಳು ತ್ರಿಪುರಸುಂದರಿ.

ಹುಡುಗಿಯ ಕಣ್ಣಲ್ಲಿ ನೀರು ನಿಂತಿತು, ಬೀಳಲಿಲ್ಲ. "ಅವರು ಬೇಡ ಅಂದಿದ್ದಕ್ಕೆ ಇವಳು ಹೋದ್ಲು ಅಂತಾರೆ. ಜನ್ಮಪೂರ್ತಿ ಅಂತಾರೆ. ಈ ಮಾತು ಹೊತ್ಕೊಂಡು ನಾನು ಅಷ್ಟು ದೂರ ಹೋಗಬೇಕಾ?" ಮಣ್ಣಿನ ಕೈಯಲ್ಲೇ ಮೂಗು ಒರೆಸಿಕೊಂಡಳು. "ಹೆರಿಗೆ ಆದ್ಮೇಲೆ ಬನ್ನಿ ನೀವು. ತಪ್ಪಿಸ್ಕೋಬೇಡಿ. ಮಗು ನಮ್ಮಮ್ಮನ ಹತ್ರ ಕೊಟ್ಟು ಎಸೀರಿ, ಅವಳು ನೋಡ್ಕೋತಾಳೆ. ನಿಮ್ಮ ಗುರುತಿಗಿಂತ ಮುಂದೆ ಹಾಕ್ದೇ ಇದ್ರೆ ಆಗ ಕೇಳಿ." ಉತ್ತರಕ್ಕೆ ಕಾಯದೆ ತಿರುಗಿ ಹೋದಳು.

ಜಟಕಾ ಹೊರಟಿತು. ಶಂಭುಲಿಂಗಪ್ಪ ಮುಂದೆ ಗಾಡಿಯವನ ಪಕ್ಕ ಬೆನ್ನು ತಿರುಗಿಸಿ ಕೂತಿದ್ದ. ರಸ್ತೆಯ ಪ್ರತಿ ಹಳ್ಳ ಬಂದಾಗಲೂ ಗುರುಬಸಮ್ಮ "ನಿಧಾನ, ನಿಧಾನ" ಎನ್ನುತ್ತಿದ್ದಳು. ಪ್ರತಿ ಕುಲುಕಿಗೂ ತ್ರಿಪುರಸುಂದರಿಯ ಗಮನ ಒಳಕ್ಕೆ ಓಡಿ, ಹುಡುಕಿ, ಏನೂ ಸಿಗದೆ ವಾಪಸು ಬರುತ್ತಿತ್ತು. ನೋವಿರಲಿಲ್ಲ. ಇಲ್ಲದಿರುವುದರಿಂದ ಏನೂ ತೀರ್ಮಾನವಾಗುವುದಿಲ್ಲ, ಹೋದ ಸಲವೂ ಮೊದಲ ದಿನ ನೋವಿರಲಿಲ್ಲ. ಆದರೆ ಆ ಹುಡುಗಿಯ ಮಾತು ಮತ್ತೆ ಮತ್ತೆ ಕೇಳಿಸುತ್ತಿತ್ತು. 'ಆದರೆ', 'ಹೋದರೆ', 'ಉಳಿದರೆ' ಎಂಬ ಯಾವ ಮಾತೂ ಅದರಲ್ಲಿರಲಿಲ್ಲ. ಹೆರಿಗೆ ಆದ್ಮೇಲೆ, ಮಗು ಕೊಟ್ಟು. ಸಿಟ್ಟಿನಲ್ಲಿದ್ದವಳಿಗೆ ಅನುಮಾನ ಪಡುವಷ್ಟು ಪುರುಸೊತ್ತು ಇರಲಿಲ್ಲವೇನೋ.

"ಯಾರೇ ಆ ಹುಡುಗಿ? ಎಷ್ಟು ಸಿಟ್ಟು ಅದಕ್ಕೆ" ಎಂದಳು ಗುರುಬಸಮ್ಮ.

"ನನ್ನ ಸೋಲಿಸೋಳು, ಅತ್ತೆ."

"ಯಾವಾಗ?"

ತ್ರಿಪುರಸುಂದರಿ ಜಟಕಾದ ಕಂಬಿ ಹಿಡಿದುಕೊಂಡು ಯೋಚಿಸಿದಳು. "ಮಗೂಗೆ ಒಂದು ವರ್ಷ ಆಗ್ಲಿ" ಎಂದಳು.

ಮುಂದೆ ಕೂತಿದ್ದ ಶಂಭುಲಿಂಗಪ್ಪ ಆಗ ತಿರುಗಿ ನೋಡಿದ.